ಅಪ್ಪನ ಸೊಂಟದ ಚಾಪೆ

"ಇಲಿ ಕಡಿದಿದೆ," ಎಂದರು ಪಾಸೆಪಾ ಅತ್ತೆ. ಚಾಪೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. "ಹಾಳಾದ ಇಲಿ. ಇವತ್ತೇ ಬೇಕಿತ್ತಾ ಇದಕ್ಕೆ?"

ಇಲಿ ಬಾಗಿಲ ಹಿಂದೆಯೇ ನಿಂತಿತ್ತು. ಅದಕ್ಕೆ ಹತ್ತು ವರ್ಷ, ಎರಡು ಜಡೆ, ಹೆಸರು ಲೂಪೆ. ಯೂನಿಫಾರ್ಮಿನ ಜೇಬಿನೊಳಗೆ ಅವಳ ಕೈ ಬೆವರುತ್ತಿತ್ತು. ಆ ಕೈಯಲ್ಲಿ ಒಣಗಿದ ಕೇದಗೆ ಗರಿಯ ಎಳೆಗಳು ಒಂದು ಹಿಡಿ ಇದ್ದವು.

ಅವತ್ತು ಅಪ್ಪ ಮೊದಲ ಸಲ ಪಾರ್ಲಿಮೆಂಟಿಗೆ ಹೊರಟಿದ್ದರು. ಹತ್ತು ಗಂಟೆಗೆ ಪ್ರಮಾಣ ವಚನ. ಅವರ ದ್ವೀಪದಲ್ಲಿ ದೊಡ್ಡ ಕೆಲಸಕ್ಕೆ ಹೊರಟವರು ಬಟ್ಟೆಯ ಮೇಲೆ ಸೊಂಟಕ್ಕೆ ನೇಯ್ದ ಚಾಪೆ ಸುತ್ತಿಕೊಳ್ಳುತ್ತಾರೆ; ಅದಿಲ್ಲದೆ ಅಲ್ಲಿಗೆ ಹೋಗುವುದುಂಟೇ? ಅದು ಬಟ್ಟೆಯಿಲ್ಲದೆ ಹೋದ ಹಾಗೆ.

ಇಪ್ಪತ್ತು ವರ್ಷ ಅಪ್ಪ ಅಕೌಂಟೆಂಟ್ ಆಗಿದ್ದರು. ಆಫೀಸು ಮುಗಿಸಿ ಬಂದರೆ ಜಗುಲಿಯ ಮೇಲೆ ಜನ ಕಾದಿರುತ್ತಿದ್ದರು. ಮೀನುಗಾರರು, ಚಾಪೆ ನೇಯುವ ಹೆಂಗಸರು, ಬಿಸ್ಕೆಟ್ ಡಬ್ಬಿಯಲ್ಲಿ ಕಾಗದ ಪತ್ರ ತುಂಬಿಕೊಂಡು ಬಂದ ಅಜ್ಜಂದಿರು. ಅಪ್ಪ ಒಂದೊಂದನ್ನೇ ಓದಿ ಅರ್ಥ ಹೇಳುತ್ತಿದ್ದರು. ಮೋಸ ಕಂಡರೆ ಅವರ ಜೊತೆ ಕಚೇರಿಗೇ ಹೋಗಿ ಕೇಳುತ್ತಿದ್ದರು. ಕೊನೆಗೆ ಆ ಜಗುಲಿಯವರೇ "ನೀನೇ ಎಲೆಕ್ಷನ್‌ಗೆ ನಿಂತ್ಕೋ ಸೆಮಿಸಿ" ಎಂದು ಹಟ ಹಿಡಿದು, ಊರೂರು ಸುತ್ತಿ ಗೆಲ್ಲಿಸಿದ್ದರು. ಇವತ್ತು ಬೆಳಗಾಗುವಷ್ಟರಲ್ಲಿ ಅವರು ತಂದಿಟ್ಟ ಗೆಡ್ಡೆ, ಮೀನುಗಳಿಂದ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಎಲ್ಲ ಕೆಡಿಸಿದ್ದು ಚಿಕ್ಕಪ್ಪನ ಮಗ ಮಾಕಾ. ನಿನ್ನೆ ಬಿಸಿಲಿಗೆ ಹಾಕಿದ್ದ ಚಾಪೆ ನೋಡಿ, "ನಿಮ್ಮಪ್ಪ ಪಾರ್ಲಿಮೆಂಟಿಗೆ ಹೋಗ್ತಾರಾ, ಸಾವಿನ ಮನೆಗಾ?" ಎಂದು ಕೇಳಿದ್ದ. ಸಾವಿನ ಮನೆಗೆ ಹೋಗುವಾಗ ಹರಕು ಚಾಪೆ ಸುತ್ತುತ್ತಾರೆ. ಅಪ್ಪನ ಚಾಪೆಯ ಅಂಚೂ ಹಾಗೇ ಜೂಲು ಜೂಲಾಗಿತ್ತು. ಲೂಪೆಗೆ ಮೈ ಉರಿಯಿತು. ಮಧ್ಯಾಹ್ನ ಯಾರೂ ಇಲ್ಲದಾಗ ಕತ್ತರಿ ತಂದು ಆ ಜೂಲನ್ನೆಲ್ಲ ಕತ್ತರಿಸಿಬಿಟ್ಟಳು.

ಆಗ ಚಂದವೇ ಕಂಡಿತ್ತು. ಈಗ ಬಿಚ್ಚಿದರೆ, ಹಿಡಿತ ತಪ್ಪಿದ ಎಳೆಗಳು ಒಂದೊಂದಾಗಿ ಜಾರಿ ಬರುತ್ತಿವೆ. ಅದೂ ಅಲ್ಲದೆ ಅಪ್ಪನ ತಟ್ಟೆಯಲ್ಲಿ ಉಣ್ಣಬಾರದು, ಅಪ್ಪನ ತಲೆ ಮುಟ್ಟಬಾರದು, ಅಪ್ಪನ ವಸ್ತುಗಳಿಗೆ ಕೈ ಹಾಕಬಾರದು. ಇದು ಮೂರು ವರ್ಷದ ಮಗುವಿಗೂ ಗೊತ್ತು.

ಅಪ್ಪ ಬಿಳಿ ಅಂಗಿ ತೊಟ್ಟು ಬಂದು ಹೊಸ್ತಿಲಲ್ಲೇ ನಿಂತರು. ಅತ್ತೆ ಅವರ ಅಕ್ಕ; ಅಕ್ಕ ಇದ್ದಲ್ಲಿಗೆ ಅವರು ಹಾಗೆ ನುಗ್ಗುವವರಲ್ಲ. ಅತ್ತೆ ಚಾಪೆಯ ಅಂಚನ್ನು ತೋರಿಸಿದರು. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಅಕ್ಕಾ, ಇಲಿಗೆ ಇಷ್ಟು ನೆಟ್ಟಗೆ ಕಡಿಯೋಕೆ ಬರಲ್ಲ."

"ಹಂಗಾದ್ರೆ ಆ ಮಾಕಾನೇ. ನಿನ್ನೆ ಇಲ್ಲೇ ಸುಳೀತಿದ್ದ. ಬರಲಿ, ಕಿವಿ ಕಿತ್ತು ಕೈಗೆ ಕೊಡ್ತೀನಿ."

ಲೂಪೆಗೆ ಒಂದು ಕ್ಷಣ ಖುಷಿಯೇ ಆಯಿತು. ಆದರೆ ಮಾಡಿದ್ದು ಮಾಕಾ ಅಲ್ಲವಲ್ಲ. ಬಾಗಿಲ ಹಿಂದಿನಿಂದ ಬಂದು, ಹಿಡಿಯಲ್ಲಿದ್ದ ಎಳೆಗಳನ್ನು ಅತ್ತೆಯ ಮುಂದೆ ಸುರಿದಳು.

"ನಾನೇ ಕತ್ತರಿಸಿದ್ದು ಅತ್ತೆ. ಹರಕಲಾಗಿತ್ತು. ಅಪ್ಪನ್ನ ನೋಡಿ ಎಲ್ರೂ ನಗ್ತಾರೆ ಅಂತ..." ಅಷ್ಟರಲ್ಲಿ ಅಳು ಬಂತು.

ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಪಕ್ಕದ ಮನೇಲಿ ಹೊಸ ಚಾಪೆ ಇದೆ. ತರಿಸ್ಲಾ?" ಎಂದರು ಅತ್ತೆ.

"ಬೇಡ ಅಕ್ಕ. ಹೋದ್ರೆ ನಮ್ಮಮ್ಮ ನೇಯ್ದ ಚಾಪೆ ಸುತ್ತಿಕೊಂಡೇ ಹೋಗೋದು."

"ಗಂಟೆ ಎಂಟೂವರೆ ಆಯ್ತಲ್ಲೋ."

ಅತ್ತೆ ಅಪ್ಪನ ಮುಖ ನೋಡಿದರು, ಆಮೇಲೆ ಲೂಪೆಯ ಮುಖ ನೋಡಿದರು. "ಸೂಜಿ ದಾರ ತಗೊಂಡ್ ಬಾ," ಎಂದರು.

ಮನೆಯಲ್ಲಿದ್ದದ್ದು ಯೂನಿಫಾರ್ಮ್ ಹೊಲಿಯುವ ನೀಲಿ ದಾರ ಮಾತ್ರ.

"ಕೂತ್ಕೋ. ನಾನು ಎಳೆ ಹಿಡೀತೀನಿ, ನೀನು ಹೊಲಿ."

"ಅಪ್ಪಂದು ಮುಟ್ಟಬಾರದಲ್ಲ ಅತ್ತೆ?"

"ಮುಟ್ಟಿ ಆಯ್ತಲ್ಲ, ಇನ್ನೇನು? ನಾನು ಹೇಳ್ತಿದೀನಿ, ಹೊಲಿ."

ಅತ್ತೆ ಹೇಳಿದ ಮೇಲೆ ಆಯಿತು. ಆ ಮನೆಯಲ್ಲಿ ಅಪ್ಪನೂ ಅವರ ಮಾತಿಗೆ ಎದುರಾಡುವುದು ಅಪರೂಪ.

ಲೂಪೆ ಹೊಲಿಯತೊಡಗಿದಳು. ಹತ್ತಿರದಿಂದ ನೋಡಿದರೆ ಚಾಪೆಯ ತುಂಬ ಹಳೆಯ ಹೊಲಿಗೆಗಳು.

"ಈ ಬಿಳಿ ದಾರ ಯಾರದು ಅತ್ತೆ?"

"ನಿಮ್ಮಜ್ಜೀದು. ಕಣ್ಣು ಮಂಜಾದ ಮೇಲೆ ಹಾಕಿದ್ದು, ನೋಡು ಎಷ್ಟು ಸೊಟ್ಟಗಿದೆ. ಕಪ್ಪುದು ನಿಮ್ಮಮ್ಮಂದು. ಆ ದಪ್ಪ ದಾರ ಇದ್ಯಲ್ಲ, ಅದು ಮೀನು ಬಲೇದು. ಎಲೆಕ್ಷನ್ ಮೀಟಿಂಗಲ್ಲಿ ಕಿತ್ತೋದಾಗ ನಮ್ಮ ಜಗುಲಿಗೆ ಬರೋ ವಿಲೈ ತಾತ ಅಲ್ಲೇ ಕೂತು ಹಾಕಿಕೊಟ್ಟ."

"ಅಜ್ಜಿ ಬೇರೆ ಚಾಪೆ ನೇಯ್ಲೇ ಇಲ್ವಾ?"

"ಹದಿನಾಲ್ಕು ನೇಯ್ದಳು ಕಣೇ. ಹದಿಮೂರು ಮಾರಿ ನಿಮ್ಮಪ್ಪನ್ನ ಕಾಲೇಜಿಗೆ ಕಳಿಸಿದಳು. ಇದೊಂದನ್ನ ಮಾತ್ರ, ಅವನಿಗೆ ಉಟ್ಕೊಳ್ಳೋಕೆ ಒಂದು ಬೇಕಲ್ಲ ಅಂತ ಇಟ್ಟಳು."

ಲೂಪೆಯ ಸೂಜಿ ನಿಂತಿತು. ಅಷ್ಟು ಸಣ್ಣ ಎಳೆಗಳ ಹದಿನಾಲ್ಕು ಚಾಪೆ. ತನಗೆ ಒಂದು ಗೇಣು ಹೊಲಿಯುವುದರಲ್ಲೇ ಬೆರಳು ನೋಯುತ್ತಿತ್ತು. ಮತ್ತೆ ಶುರು ಮಾಡಿದಳು, ಈ ಸಲ ನಿಧಾನವಾಗಿ, ಹತ್ತಿರ ಹತ್ತಿರ.

ಒಂಬತ್ತಕ್ಕೆ ಹೊಲಿಗೆ ಮುಗಿಯಿತು. ಅಪ್ಪ ಚಾಪೆ ಸುತ್ತಿಕೊಂಡರು. ಅತ್ತೆ ಹೊಲಿಗೆ ಬಿದ್ದ ಕಡೆಯನ್ನು ಹಿಂದಕ್ಕೆ ಸರಿಸಿದರು. "ಇಲ್ಲಿದ್ರೆ ಕಾಣಲ್ಲ ಬಿಡು."

"ಇಲ್ಲ ಅಕ್ಕ, ನೀಲಿ ದಾರ ಮುಂದಕ್ಕೇ ಇರಲಿ," ಎಂದರು ಅಪ್ಪ. ಹೊಲಿಗೆ ಕಾಣುವ ಹಾಗೆ ನಾರಿನ ಹಗ್ಗವನ್ನು ಬಿಗಿದುಕೊಂಡು, ಲೂಪೆಯನ್ನು ನೋಡಿ ನಕ್ಕರು. "ಎಲ್ಲರದೂ ಇದೆ, ನಿಂದೊಂದು ಇರ್ಲಿಲ್ಲ."

ಪಾರ್ಲಿಮೆಂಟಿನ ಬೇಲಿಯಾಚೆ ರಸ್ತೆ ತುಂಬ ಜನ. ಲೂಪೆ ಅತ್ತೆಯ ಕೈ ಹಿಡಿದು ನಿಂತಿದ್ದಳು. ಅಪ್ಪ ಗೇಟಿನ ಹತ್ತಿರ ಜನರ ಕಡೆಗೆ ತಿರುಗಿ ತಲೆ ಬಾಗಿಸಿದರು. ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ, ಗುರುತಿಲ್ಲದ ಅಜ್ಜಿಯೊಬ್ಬಳು ಕಣ್ಣು ಕಿರಿದು ಮಾಡಿ ನೋಡಿದಳು.

"ಎಂಥಾ ಸಣ್ಣ ಎಳೆ. ಈಗ ಯಾರು ನೇಯ್ತಾರೆ ಹಂಗೆ? ಯಾರ ಕೈದು ಮಗಾ ಅದು?"

"ನಮ್ಮಜ್ಜೀದು," ಎಂದಳು ಲೂಪೆ. ತನ್ನ ಅಜ್ಜಿಯನ್ನು ಅವಳು ಫೋಟೋದಲ್ಲಿ ಬಿಟ್ಟರೆ ಎಂದೂ ನೋಡಿರಲಿಲ್ಲ.

ನೀಲಿ ದಾರ ನಂದು ಎನ್ನಬೇಕೆಂದು ನಾಲಗೆ ತುದಿಗೆ ಬಂತು. ಹೇಳಲಿಲ್ಲ. ಕತ್ತರಿಸಿದ ಎಳೆಗಳನ್ನೆಲ್ಲ ಆಯ್ದು ಮತ್ತೆ ಜೇಬಿಗೆ ಹಾಕಿಕೊಂಡಿದ್ದಳು. ಅವು ಮುರಿಯದ ಹಾಗೆ ಮೆಲ್ಲಗೆ ಹಿಡಿದುಕೊಂಡಳು.