ಕೊಬ್ಬರಿ ಗೋದಾಮಿನ ಹಾಯಿದೋಣಿ

"ಯಾರ್ರೀ ಅದು? ಇಳೀರಿ ಕೆಳಗೆ!"

ಅಕ್ಷತಾಳ ಕೂಗಿಗೆ ಗೋದಾಮಿನ ಸೂರಿನಲ್ಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ದೋಣಿಯ ಮೇಲೆ ಕೂತಿದ್ದವನು ಮಾತ್ರ ಅಲುಗಲಿಲ್ಲ. ಕೊಬ್ಬರಿ ಮೂಟೆಗಳನ್ನು ಪಕ್ಕಕ್ಕೆ ಸರಿಸಿ, ಮರದ ಮೇಲೆ ಅಂಗೈ ಇಟ್ಟು, ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ನೋಡುವವನ ಹಾಗೆ ಕಣ್ಣು ಮುಚ್ಚಿದ್ದ.

"ಇದಕ್ಕೆ ಇನ್ನೂ ಜೀವ ಇದೆ ಕಣ್ರೀ..."

"ಇದೆ. ಹೆಗ್ಗಣದ್ದು. ಇಳೀರಿ ಅಂದ್ನಲ್ಲ!"

ಅವನು ಕಣ್ಣು ತೆರೆದು ನಕ್ಕ. ಅಕ್ಷತಾಳಿಗೆ ಸಿಟ್ಟು ಇನ್ನೂ ಒಂದು ನಿಮಿಷ ಇರಬೇಕಿತ್ತು. ಇರಲಿಲ್ಲ. ಅದಕ್ಕೇ ಅವಳಿಗೆ ಮತ್ತಷ್ಟು ಸಿಟ್ಟು ಬಂತು.

ಅರಸೀಕೆರೆಗೂ ಸಮುದ್ರಕ್ಕೂ ಇರುವ ಸಂಬಂಧವೆಂದರೆ ಊಟದೆಲೆಯ ತುದಿಯಲ್ಲಿ ಬಡಿಸುವ ಉಪ್ಪು, ಅಷ್ಟೇ. ಅಂಥ ಊರಿಗೆ ನಲವತ್ತೇಳು ವರ್ಷದ ಹಿಂದೆ, ಹರೆಯದಲ್ಲಿ ಮುಂಬೈ ಬಂದರಿನ ಕೆಲಸಕ್ಕೆ ಹೋಗಿದ್ದ ಅಕ್ಷತಾಳ ತಾತ ಗಂಗಾಧರಪ್ಪ ಅಲ್ಲಿಂದ ಲಾರಿಯ ಮೇಲೆ ಮೂವತ್ತೆರಡು ಅಡಿಯ ರೇಸಿನ ಹಾಯಿದೋಣಿ ತಂದಿದ್ದ. ಬಾಗಿಲಲ್ಲಿ ಹಿಡಿಸಲಿಲ್ಲವೆಂದು ಗೋದಾಮಿನ ಗೋಡೆ ಒಡೆಸಿ ಒಳಗಿಟ್ಟು, ಮತ್ತೆ ಗೋಡೆ ಕಟ್ಟಿಸಿದ್ದ. "ಈ ಸಲ ಕೆರೆ ಕೋಡಿ ಬಿದ್ರೆ ಹೊರಡ್ತೀಯೇನ್ಲಾ ಗಂಗಾಧರ?" ಎಂದು ಸಂತೆಯವರೆಲ್ಲ ಕೇಳಿದರು. ಸಾಯುವ ತನಕ ಕೇಳಿದರು. ಅವನು ಉತ್ತರ ಕೊಡಲಿಲ್ಲ, ದೋಣಿಯನ್ನೂ ಕೊಡಲಿಲ್ಲ. ಅದರ ಪಕ್ಕೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿದ್ದ ಹೆಸರು 'ಮಾಲಿನಿ'.

ಮೇಲೆ ಕೂತಿದ್ದವನ ಹೆಸರು ಅರುಣ್‌ಕುಮಾರ್. ಹುಲಿಕೆರೆಯ ರಾಗಿ ಹೊಲದವರ ಮಗ. ಊರಿನ ಕಲ್ಯಾಣಿಯಲ್ಲಿ ಈಜು ಕಲಿತು, ಹತ್ತು ವರ್ಷ ನೌಕಾಪಡೆಯಲ್ಲಿದ್ದು, ಬಿಟ್ಟು ಬಂದಿದ್ದ. ಈಗ ಅವನಿಗೆ ಬೇಕಿದ್ದದ್ದು ಒಂದೇ, ಇಂಥದೊಂದು ದೋಣಿ. ಹಳೆಯ ಮರದ ದೋಣಿಗಳಿಗೆಂದೇ ಒಂದು ಸಾಗರ ಓಟವಿತ್ತು. ಕೊಚ್ಚಿಯಿಂದ ಒಬ್ಬನೇ ಹೊರಟು, ಭೂಮಿ ಸುತ್ತಿ, ಹತ್ತು ತಿಂಗಳಿಗೆ ಕೊಚ್ಚಿಗೇ ಬರಬೇಕು.

"ಬರೀ ದೋಣಿ ಇದ್ರೆ ಸಾಲ್ದು," ಎಂದ. "ಅದರ ಪೂರ್ತಿ ಚರಿತ್ರೆ ಕೇಳ್ತಾರೆ. ಯಾರು ಕಟ್ಟಿದ್ದು, ಯಾರು ಓಡಿಸಿದ್ದು, ಏನೇನು ಅಪಘಾತ ಆಗಿದೆ... ಎಲ್ಲಾ ದಾಖಲೆ ಸಮೇತ."

ಅಕ್ಷತಾಳ ಅಪ್ಪ ಕಲ್ಲೇಶಪ್ಪ ಹೆಚ್ಚು ಯೋಚಿಸಲಿಲ್ಲ. "ತಗೊಂಡೋಗ್ಲಿ ಬಿಡವ್ವ. ಐವತ್ತು ಮೂಟೆಗೆ ಜಾಗ ಆಯ್ತದೆ. ಹೆಂಗೂ ಹಿಸ್ಟರಿ ಎಂ.ಎ. ಮಾಡಿದ್ದೀಯ. ರಾಜರಂತೂ ಸಿಗ್ಲಿಲ್ಲ, ದೋಣೀದಾದ್ರೂ ಬರಿ."

ಹಾಗೆ ಶುರುವಾಯಿತು.

ಎರಡು ತಿಂಗಳು! ತಾತನ ಟ್ರಂಕು ಬಿಚ್ಚಿದರು. ಬಣ್ಣ ಕೆರೆದಾಗ ಕಟ್ಟಿದವನ ಗುರುತು, ೧೯೬೪ರ ಇಸವಿ ಸಿಕ್ಕಿತು. ಮುಂಬೈನ ಕ್ಲಬ್ಬೊಂದಕ್ಕೆ ಅಕ್ಷತಾ ಹನ್ನೊಂದು ಪತ್ರ ಬರೆದಳು. ಹನ್ನೆರಡನೆಯದಕ್ಕೆ ಉತ್ತರ ಬಂತು. ಅವನು ಒಣಗಿದ ಮರಕ್ಕೆ ಎಣ್ಣೆ ಕುಡಿಸುತ್ತಿದ್ದ, ಅವಳು ಮೂಟೆಯ ಮೇಲೆ ಕೂತು ಓದಿ ಹೇಳುತ್ತಿದ್ದಳು. ನಡುವೆ ಕೊಬ್ಬರಿ ಬಂದರೆ ಎದ್ದು ಹೋಗಿ ಬೆರಳ ಗೆಣ್ಣಿನಿಂದ ತಟ್ಟಿ, 'ಇದು ಗಟ್ಟಿ, ಇದು ಕೊಳೆ' ಎಂದು ವಿಂಗಡಿಸಿ ಬರುತ್ತಿದ್ದಳು.

"ಒಡೆಯದೇ ಹೆಂಗೆ ಗೊತ್ತಾಗತ್ತೆ ನಿಂಗೆ?" ಎಂದ ಒಂದು ದಿನ. ಅವನು ಯಾವಾಗ ನೀವು ಬಿಟ್ಟು ನೀನು ಹಿಡಿದ ಎಂದು ಇಬ್ಬರೂ ಗಮನಿಸಿರಲಿಲ್ಲ. ಸುಳ್ಳು... ಅವಳು ಗಮನಿಸಿದ್ದಳು.

"ಕೊಳೆತಿದ್ರೆ ಸದ್ದು ಮಂಕಾಗತ್ತೆ."

"ಮನುಷ್ಯರನ್ನೂ ಹೀಗೇ ತಟ್ಟಿ ನೋಡ್ತೀಯಾ?"

"ನೋಡಿದ್ರೆ ನಿಮ್ಮನ್ನ ಆವತ್ತೇ ಆಚೆ ಎಸೀತಿದ್ದೆ!"

ಚರಿತ್ರೆಯಲ್ಲಿ ಒಂದೇ ಒಂದು ತೂತು ಉಳಿಯಿತು. ೧೯೭೬ರ ಓಟ. ತಾತನ ದಿನಚರಿಯಲ್ಲಿ ಆ ಹಾಳೆಗಳನ್ನು ಹರಿದಿದ್ದರು. ಉಳಿದಿದ್ದು ಒಂದು ಫೋಟೊ: ಮಾಲಿನಿಯ ಮೇಲೆ ಹೆಗಲಿಗೆ ಹೆಗಲು ಕೊಟ್ಟು ನಿಂತ ಇಬ್ಬರು ಹುಡುಗರು. ಹಿಂದೆ ತಾತನ ಅಕ್ಷರದಲ್ಲಿ, 'ನಾನು, ಹಳೇಬೀಡಿನ ನಂಜುಂಡಯ್ಯ.'

ಜಾವಗಲ್ ಮಾರ್ಗದ ಬಸ್ಸಿನಲ್ಲಿ ಹಳೇಬೀಡಿಗೆ ಹೋದರು. ಮೊದಲು ಕೆರೆ ಏರಿಯ ಮೇಲೆ ಕೂತರು. ಎದುರಿಗೆ ನೀರು ಸುಮ್ಮನೆ ಬಿದ್ದಿತ್ತು.

"ಹೋಗ್ಲೇಬೇಕಾ?" ಅಕ್ಷತಾ ಕೇಳಿಬಿಟ್ಟಳು.

ಅವನು ಒಂದು ಕಲ್ಲೆತ್ತಿ ನೀರಿಗೆಸೆದ. ಉಂಗುರಗಳು ದಡಕ್ಕೆ ಬರುವ ತನಕ ಕಾದ. ಆಮೇಲೆ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ.

*ಯಾಕೆ ಕೇಳ್ದೆ... ಯಾಕಾದ್ರೂ ಕೇಳ್ದೆ...*

ನಂಜುಂಡಯ್ಯನ ಹೆಂಡತಿ ಗಿಡ್ಡಮ್ಮ ದೇವಸ್ಥಾನದ ಎದುರು ಪ್ರವಾಸಿಗಳಿಗೆ ಸೌತೆಕಾಯಿ ಹೆಚ್ಚಿ ಮಾರುತ್ತಿದ್ದಳು. ಎಪ್ಪತ್ತು ದಾಟಿತ್ತು. ಫೋಟೊ ನೋಡಿದವಳು ಚಾಕುವನ್ನು ಕೆಳಗಿಟ್ಟಳು.

"ಆ ಓಟದಲ್ಲೇ ಹೋದ ನನ್ ಗಂಡ. ಮುಂದ್ಗಡೆ ಹಲಗೆ ಕೊಳೆತಿತ್ತಂತೆ. ನೀರು ನುಗ್ತಂತೆ. ಮುಚ್ಚಕ್ಕೋದೋನ್ನ ಅಲೆ ಎಳ್ಕಂತಂತೆ. ನಿಮ್ ತಾತಾನೇ ಬಂದು ಹೇಳ್ದ. ಇನ್ನೊಬ್ಳ ಮನೆ ಹಾಳಾಗ್ಬಾರ್ದು ಅಂತ ಆಮೇಲೆ ಆ ದೋಣೀನೇ ತಂದು ಕೂಡಾಕ್ದ." ಚಾಕು ಎತ್ತಿಕೊಂಡಳು. "ಖಾರ ಹಾಕ್ಲಾ?"

ಅಕ್ಷತಾ ಫೋಟೊದಲ್ಲಿದ್ದ ತಾತನ ಮುಖವನ್ನು ಮತ್ತೆ ನೋಡಿದಳು. ಊರೆಲ್ಲ ನಕ್ಕಿತ್ತಲ್ಲ ತಾತನನ್ನು... ಯಾರೋ ಕಾಣದ ಹೆಂಗಸಿನ ಗಂಡನನ್ನು ಉಳಿಸಲು ಅವನು ಜೀವಮಾನವೆಲ್ಲ ನಗೆಪಾಟಲಾಗಿದ್ದ!

ಮರುದಿನ ಬೆಳಿಗ್ಗೆ ಅರುಣ್ ಬರುವ ಹೊತ್ತಿಗೆ ಅವಳು ಮಾಲಿನಿಯ ಮೂತಿಯ ಬಳಿ ಮಂಡಿಯೂರಿದ್ದಳು. ತಟ್ಟಿದಳು. ಟಣ್. ಟಣ್. ಟಣ್... ಡಬ್.

"ಇಲ್ಲಿ ಕೊಳೆತಿದೆ."

"ಓಟದ ಕಡೆಯಿಂದ ಪರೀಕ್ಷೆ ಮಾಡೋರು ಬಂದು ನೋಡಿ ಸಹಿ ಹಾಕಿ ಹೋಗಿದ್ದಾರೆ ಅಕ್ಷತಾ. ಮರ ಗಟ್ಟಿ ಇದೆ."

"ಅವರಿಗೆ ನನ್ನ ಕಿವಿ ಇಲ್ಲ. ಅಜ್ಜಿ ಹೇಳಿದ್ದನ್ನ ಚರಿತ್ರೆಯಲ್ಲಿ ಬರೀಬೇಕು."

"ಬರೆದ್ರೆ ಓಟಕ್ಕೇ ಸೇರಿಸ್ಕೊಳ್ಳಲ್ಲ! ಅಜ್ಜಿ ಮಾತಿಗೆ ದಾಖಲೆ ಎಲ್ಲಿದೆ? ಆ ಒಂದು ವರ್ಷ ಬಿಟ್ಟು ಬರಿ."

"ಬಿಟ್ಟು ಬರೀಬೇಕಾ? ಒಬ್ಬ ಮನುಷ್ಯ ಸತ್ತಿದ್ದಾನೆ ರೀ ಆ ವರ್ಷ!"

ಅರುಣ್ ಅವಳನ್ನೇ ನೋಡಿದ. ನಿಧಾನವಾಗಿ, ಒಂದೊಂದೇ ಮಾತು ತೂಗಿ ಹಾಕಿದ.

"ಇದು ಕೊಬ್ಬರಿ ಅಲ್ಲ. ನಿನ್ನೆ ಕೆರೆ ಹತ್ರ ಹೋಗ್ಲೇಬೇಕಾ ಅಂದೆ. ಇವತ್ತು ಹಲಗೆ ಕೊಳೀತು. ಎಷ್ಟು ಬೇಗ ಕೊಳೀತು ನೋಡು..."

ಅಕ್ಷತಾ ಎದ್ದು ನಿಂತಳು.

"ಗೋಡೆ ಒಡೆಯಲ್ಲ," ಎಂದಳು. "ದೋಣಿ ಕೊಡಲ್ಲ. ಹೋಗಿ."

ಅವನು ಹೋದ. ಎಣ್ಣೆಯ ಡಬ್ಬಿಗೆ ಮುಚ್ಚಳ ಕೂಡ ಹಾಕದೆ ಹೋದ.

ಆಮೇಲಿನ ಹದಿನೆಂಟು ದಿನ ಅಕ್ಷತಾ ಗೋದಾಮಿನಲ್ಲಿ ಕೂತು ಕೊಬ್ಬರಿ ತಟ್ಟಿದಳು. ಯಾವುದು ಗಟ್ಟಿ, ಯಾವುದು ಕೊಳೆ, ಒಂದೂ ತಿಳಿಯಲಿಲ್ಲ. ಒಳ್ಳೆಯ ಮಾಲನ್ನು ಕೊಳೆಯ ರಾಶಿಗೆ ಹಾಕಿದಳೆಂದು ಕಲ್ಲೇಶಪ್ಪ ಎರಡು ಸಲ ಗೊಣಗಿ, ಮೂರನೆಯ ಸಲ ಮಗಳ ಮುಖ ನೋಡಿ ಸುಮ್ಮನಾದ. ಫೋನು ಬಡಿದಾಗಲೆಲ್ಲ ಓಡಿಬಂದು ಎತ್ತುತ್ತಿದ್ದಳು. ತಿಪಟೂರಿನ ವ್ಯಾಪಾರಿಗಳು ಅಷ್ಟೊಂದು ಆಸೆಯಿಂದ ತಮ್ಮ ಫೋನು ಎತ್ತುವವರನ್ನು ಬೇರೆಲ್ಲೂ ಕಂಡಿರಲಿಕ್ಕಿಲ್ಲ.

*ನಾನು ಅವನ ಪ್ರಾಣ ಉಳಿಸಿದೆ. ಅವನಿಗದು ಗೊತ್ತಾಗ್ಲಿಲ್ಲ. ಅಷ್ಟೇ ತಾನೇ?*

ಅಷ್ಟೇ ಆಗಿದ್ದರೆ ನಿದ್ದೆ ಬರಬೇಕಿತ್ತು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಬಡಗಿ ಮಂಜುನಾಥನನ್ನು ಕರೆಸಿದಳು. ತಾನು ಸರಿ ಎಂದು ತನಗೇ ತೋರಿಸಿಕೊಳ್ಳಬೇಕಿತ್ತು.

ಮಂಜುನಾಥ ದೋಣಿಯ ಒಳಗೆ ತೆವಳಿ, ಮೂತಿಯ ಒಳಪದರದ ಹಲಗೆ ಬಿಚ್ಚಿದ.

"ಅಕ್ಕಾ, ಕೊಳೆತಿರೋದು ಏನೂ ಇಲ್ಲ. ತೇಗ ಕಬ್ಬಿಣ ಇದ್ದಂಗೈತೆ. ಆದ್ರೆ ಸಂದೀಲಿ ಯಾರೋ ತೆಂಗಿನ ನಾರು ಗಿಡಿದವ್ರೆ. ಅದ್ಕೇ ಸದ್ದು ಬತ್ತಿಲ್ಲ... ತಡೀರಿ, ನಾರೊಳ್ಗೆ ಏನೋ ಡಬ್ಬಿ ಐತೆ."

ತಗಡಿನ ಡಬ್ಬಿಯಲ್ಲಿ ಹರಿದ ಹಾಳೆಗಳಿದ್ದವು. ತಾತನ ಅಕ್ಷರ.

'ನಂಜ ಮುಂದೆ ಹಗ್ಗ ಬಿಗಿಯುತ್ತಿದ್ದ. ಚುಕ್ಕಾಣಿ ನನ್ನ ಕೈಯಲ್ಲಿತ್ತು. ತೂಕಡಿಸಿದೆ. ದೋಣಿ ತಿರುಗಿತು. ಹಾಯಿಯ ಅಡ್ಡಮರ ಬೀಸಿತು. ಕಣ್ಣು ಬಿಟ್ಟಾಗ ನಂಜ ಇರಲಿಲ್ಲ. ಗಿಡ್ಡಮ್ಮನ ಎದುರು ನಿಂತಾಗ ಬಾಯಿ ತಾನಾಗಿ ಹಲಗೆ ಕೊಳೆತಿತ್ತು ಎಂದಿತು. ಮಾಲಿನಿಯ ತಪ್ಪೇನೂ ಇಲ್ಲ. ಅವಳನ್ನು ಇನ್ನೊಬ್ಬರಿಗೆ ಕೊಟ್ಟರೆ ಅವಳು ಚೆನ್ನಾಗಿ ಓಡಿಬಿಡುತ್ತಾಳೆ. ನನ್ನ ಸುಳ್ಳು ಬಯಲಾಗುತ್ತದೆ. ಅದಕ್ಕೆ ಗೋಡೆ ಕಟ್ಟಿಸಿದೆ.'

ಅಕ್ಷತಾ ಹಾಳೆ ಹಿಡಿದೇ ಮೂಟೆಯ ಮೇಲೆ ಕೂತಳು. ತಾತ ತನ್ನ ತಪ್ಪನ್ನು ದೋಣಿಯ ಮೇಲೆ ಹೊರಿಸಿದ್ದ. ಮೊಮ್ಮಗಳು ಅದೇ ಸುಳ್ಳನ್ನು ಕೈಯಾರೆ ತಟ್ಟಿ, ಕಿವಿಯಾರೆ ಕೇಳಿ, ನಿಜ ಎಂದು ಮುದ್ರೆ ಒತ್ತಿದ್ದಳು. ಅದಕ್ಕಾಗಿ ಒಬ್ಬನನ್ನು ಹೊರಗೆ ಕಳಿಸಿದ್ದಳು...

ಮಾರನೆಯ ದಿನ ಹಳೇಬೀಡಿಗೆ ಹೋಗಿ, ಗಿಡ್ಡಮ್ಮನ ಕಾಲ ಬಳಿ ಕೂತು ಹಾಳೆಗಳನ್ನು ಓದಿ, ಅರುಣ್‌ನನ್ನು ಕಳಿಸಿಬಿಟ್ಟಿದ್ದನ್ನೂ ಹೇಳಿದಳು. ಮುದುಕಿ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣವ್ವ."

"ಅಜ್ಜಿ!"

"ಸುಳ್ಳು ಹೇಳೋನು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನಾ? ನೆಲ ನೋಡ್ಕಂಡು ಹೇಳ್ದ. ಆಮೇಲೆ ಬಂದಾಗ್ಲೂ ನೆಲಾನೇ ನೋಡ್ದ. ಆ ಸುಳ್ಳು ಇಲ್ದಿದ್ರೆ ಅವ್ನೂ ಬದುಕ್ತಿರ್ಲಿಲ್ಲ. ಇಟ್ಕಳ್ಳಿ ಪಾಪ ಅಂತ ಬಿಟ್ಟೆ." ಒಂದು ಹೋಳಿಗೆ ಉಪ್ಪುಖಾರ ಸವರಿ ಅಕ್ಷತಾಳ ಕೈಗಿಟ್ಟಳು. "ಅವ್ನು ದೋಣಿ ಕೂಡಾಕ್ದ. ನೀನು ಆ ಹುಡುಗನ್ನ ಕೂಡಾಕಕ್ಕೋದೆ. ಗೋಡೆ ಕಟ್ಟದು ನಿಮ್ಮನೆ ಕಸುಬಾ?"

ಅಕ್ಷತಾ ಅಳುತ್ತಲೇ ನಕ್ಕಳು. ನಗುತ್ತಲೇ ಜೋರಾಗಿ ಅತ್ತಳು.

ಅಲ್ಲಿಂದ ಆಟೋದಲ್ಲಿ ಹುಲಿಕೆರೆ. ಅವನು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಿದ್ದ. ಗಡ್ಡ ಬಿಟ್ಟಿದ್ದ. ಪ್ರೇಮ ಮುರಿದವರಿಗೆ ಕ್ಷೌರದಂಗಡಿ ಯಾಕೆ ಮುಚ್ಚಿರುತ್ತದೋ ಯಾರಿಗೂ ತಿಳಿಯದು.

ಅವಳು ಎರಡು ಮೆಟ್ಟಿಲು ಮೇಲೆಯೇ ನಿಂತು ಹಾಳೆಗಳನ್ನು ಚಾಚಿದಳು. ಅವನು ಓದಿದ. ಮತ್ತೆ ಓದಿದ.

"ಹಲಗೆ ಗಟ್ಟಿ ಇದೆ," ಎಂದಳು. "ನೀವು ಹೇಳಿದ್ದೇ ನಿಜ. ಹೋಗೋದು ಬೇಡ ಅನ್ನೋ ಆಸೆ ನನ್ನ ಕೈಗಿಂತ ಮೊದ್ಲೇ ಆ ಹಲಗೆ ತಟ್ಟಿತ್ತು. ಚರಿತ್ರೆ ಬರೆದಿದ್ದೀನಿ. ೧೯೭೬ರದ್ದೂ ಇದೆ. ಅಪಘಾತಕ್ಕೆ ಕಾರಣ ದೋಣಿಯಲ್ಲ, ನಮ್ಮ ತಾತ ಅಂತ ಅವರ ಹೆಸರು ಹಾಕೇ ಬರೆದಿದ್ದೀನಿ. ಅರ್ಜಿಗೆ ಇನ್ನೂ ಒಂಬತ್ತು ದಿನ ಇದೆ... ಹೋಗಿ."

"ನಿಮ್ಮ ತಾತನ ಹೆಸರು ಜಗತ್ತಿಗೆಲ್ಲ ಗೊತ್ತಾಗತ್ತೆ ಅಕ್ಷತಾ."

"ನಂಜುಂಡಯ್ಯನ ಹೆಸರೂ ಗೊತ್ತಾಗತ್ತಲ್ಲ."

ಅರುಣ್ ತಲೆ ತಗ್ಗಿಸಿದ. "ಆ ವರ್ಷ ಬಿಟ್ಟು ಬರಿ ಅಂದೆ ನಾನು. ಅವನನ್ನ ಎರಡನೇ ಸಲ ನೀರಿಗೆ ತಳ್ಳಕ್ಕೆ ಹೋಗಿದ್ದೆ. ನಿನ್ನ ಆಸೆ ನಿನ್ನ ಕೈ ತಟ್ಟಿಸ್ತು. ನನ್ನ ಆಸೆ ನನ್ನ ಬಾಯಿ ಕೊಳೆಸ್ತು." ಮೆಟ್ಟಿಲ ಮೇಲಿನ ಕಲ್ಲೊಂದನ್ನು ಎತ್ತಿ, ಎಸೆಯದೆ ಕೆಳಗಿಟ್ಟ. "ಆವತ್ತು ಕೆರೆ ಹತ್ರ ಕೇಳಿದ್ಯಲ್ಲ, ಅದಕ್ಕೆ ಉತ್ತರ ಇತ್ತು. ಹೇಳಿದ್ರೆ ಹೋಗಕ್ಕಾಗಲ್ಲ ಅಂತ ಹೆದರಿದೆ."

"ಈಗ?"

"ಈಗ ಹೇಳ್ದೆ ಹೋದ್ರೆ ವಾಪಸ್ ಬರಕ್ಕಾಗಲ್ಲ." ಅವನು ಎದ್ದು ನಿಂತ. "ನೀನಂದ್ರೆ ನಂಗೆ... ತಟ್ಟಿ ನೋಡೇ ಬೇಕಾದ್ರೆ!"

ಅವಳು ಎರಡು ಮೆಟ್ಟಿಲು ಇಳಿದು ಬಂದು ಅವನ ಎದೆಗೆ ಬೆರಳ ಗೆಣ್ಣು ತಾಗಿಸಿದಳು. ಬಹಳ ಹೊತ್ತು ತೆಗೆಯಲಿಲ್ಲ.

"ಮಂಕಾಗಿದೆಯಾ?"

"ಮಾತಾಡ್ಬೇಡಿ. ಕೇಳಿಸ್ಕೊಳ್ತಿದ್ದೀನಿ."

ಅರ್ಜಿ ಒಪ್ಪಿತವಾಯಿತು. ಗೋಡೆ ಒಡೆದ ದಿನ ಅರಸೀಕೆರೆಗೆ ಅರಸೀಕೆರೆಯೇ ಸೇರಿತ್ತು. ಮಾಲಿನಿ ಲಾರಿಯ ಮೇಲೆ ಬಿಸಿಲಿಗೆ ಬಂದಾಗ ಯಾರೂ ಕೆರೆ ಕೋಡಿಯ ಮಾತೆತ್ತಲಿಲ್ಲ. ಕಲ್ಲೇಶಪ್ಪ ಮಾತ್ರ ಖಾಲಿ ಜಾಗ ನೋಡಿ, "ಐವತ್ತಲ್ಲ, ಎಪ್ಪತ್ತು ಮೂಟೆ ಹಿಡಿತದೆ," ಎಂದು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ.

ಹೊರಡುವ ಮುಂಚೆ ಅರುಣ್ ರಾಶಿಯಿಂದ ಒಂದು ಹೊಸ ಕಾಯಿ ಆರಿಸಿ, ಏಣಿ ಹತ್ತಿ ಅಟ್ಟದ ಮೇಲಿಟ್ಟ.

"ಇದು ಕೊಬ್ಬರಿ ಆಗಕ್ಕೆ ಎಷ್ಟು ದಿನ ಬೇಕು?"

"ಹತ್ತು ತಿಂಗಳು, ಹನ್ನೊಂದು ತಿಂಗಳು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಲೊಡಲೊಡ ಅನ್ನಬೇಕು."

"ಅದು ಲೊಡಲೊಡ ಅನ್ನೋ ಹೊತ್ತಿಗೆ ಬಾಗಿಲಲ್ಲಿರ್ತೀನಿ. ಅಲ್ಲಿವರ್ಗೂ ಮಾರಬೇಡ."

"ರೇಟು ನೋಡ್ಕೊಂಡು ಹೇಳ್ತೀನಿ," ಎಂದಳು. ಅದಕ್ಕಿಂತ ಹೆಚ್ಚು ಮಾತಾಡಿದರೆ ಲಾರಿ ಹೊರಡುತ್ತಿರಲಿಲ್ಲ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಡುಗಡಲಲ್ಲಿ ಅವನಿಗೆ ಮೂರು ನಿಮಿಷ ಉಪಗ್ರಹದ ಫೋನು ಸಿಗುತ್ತದೆ. ಅಕ್ಷತಾ ಒಂಬತ್ತೂವರೆಗೇ ಅಟ್ಟ ಹತ್ತಿ ಕಾಯಿ ಹಿಡಿದು ಕೂತಿರುತ್ತಾಳೆ. ನಾಲ್ಕು ತಿಂಗಳಾಯಿತು. ಹೋದ ವಾರ ಬಿರುಗಾಳಿಯಿಂದಾಗಿ ಅವನ ಕರೆ ಬಂದಿರಲಿಲ್ಲ. ಆ ಏಳು ದಿನ ಅವಳು ಹೇಗಿದ್ದಳೆಂದು ಕೇಳಬೇಡಿ. ಈ ಭಾನುವಾರ ಹತ್ತೂ ಹತ್ತಕ್ಕೆ ಬಡಿಯಿತು.

"ಅಕ್ಷತಾ..."

ಅವಳು ಕಾಯಿಯನ್ನು ಫೋನಿನ ಹತ್ತಿರ ಹಿಡಿದು ಅಲುಗಾಡಿಸಿದಳು.

"ಏನ್ ಸದ್ದು ಬತ್ತಾ ಐತೆ?" ಅವನು ಬೇಕೆಂದೇ ಹುಲಿಕೆರೆಯ ಮಾತಾಡಿದ.

ಅಕ್ಷತಾ ಕಣ್ಣೊರೆಸಿಕೊಂಡಳು. "ಬರೀ ನೀರು."

"ನಂಗೂ ಅಷ್ಟೇ ಕಣೇ," ಎಂದಿತು ದೂರದ ದನಿ. "ಸುತ್ತ ಬರೀ ನೀರು. ಇಂಗತ್ತೆ ಬಿಡು."