ಗುಬ್ಬಿಯ ಬಾಯಾರಿಕೆ

ಅಣ್ಣನ ಮಗಳು ಗುಬ್ಬಿಗೆ ತಲೆಯ ಆಪರೇಷನ್ ಆದಮೇಲೆ ರಕ್ತದಲ್ಲಿ ಉಪ್ಪು ಇಳಿಯತೊಡಗಿತು. ನೀರು ಹೆಚ್ಚಾದರೆ ಮೆದುಳು ಊದುತ್ತದೆಂದು ಡಾಕ್ಟರು ಗುಟುಕಿಗೂ ಮಿತಿ ಹಾಕಿದರು. "ಅತ್ತೆ, ಒಂದೇ ಒಂದು ಗುಟುಕು ಕೊಡೇ" ಎಂದು ಅಂಗಲಾಚುತ್ತಿದ್ದಳು. ನಾನು ಒದ್ದೆ ಹತ್ತಿಯಿಂದ ಅವಳ ತುಟಿ ಒರೆಸುತ್ತಿದ್ದೆ. ಆದರೂ ಫಿಟ್ಸ್ ಬಂದು ತೀರಿಹೋದಳು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ, ಅವಳ ಖಾಲಿ ಕೋಣೆಯಲ್ಲಿ ಯಾರೋ ಗಟಗಟ ನೀರು ಕುಡಿಯುವ ಸದ್ದು ಕೇಳಿಸಿತು. ಒಳಗೆ ಕಾಲಿಟ್ಟರೆ ಐಸಿಯುವಿನಂಥ ಚಳಿ. ಮಂಚದ ಪಕ್ಕ ಬರಿದಾದ ಲೋಟವಿತ್ತು.

"ದಿನಾ ನಾನೇ ತುಂಬಿಸಿಡ್ತೀನಿ," ಎಂದಳು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ. "ಈಗ ಬೇಡ ಅನ್ನೋಕೆ ಯಾರಿದ್ದಾರೆ? ಹೊಟ್ಟೆ ತುಂಬ ಕುಡೀಲಿ ಬಿಡು."

ಈಗ ಅಲ್ಲಿ ಕೊಡವನ್ನೇ ಇಡುತ್ತೇವೆ. ಸಂಜೆಗೆ ಅದರ ತಳವೂ ಒಣಗಿರುತ್ತದೆ.