ಹುಬ್ಬಿನ ಮೇಲಿನ ಪ್ಲಾಸ್ಟರ್

"ಬಾಯಿ ಬಿಟ್ಟರೆ ನೋಡು ಮತ್ತೆ!" ಕೃಷ್ಣಮ್ಮಜ್ಜಿ ಮೊಮ್ಮಗಳು ರಕ್ಷಾಳ ಕೈ ಹಿಂಡಿ ಪಿಸುಗುಟ್ಟಿದಳು. "ಹೋದ ವರ್ಷ ಸರೋಜಮ್ಮ ಸುಮ್ನಿರದೆ ಸಕ್ಕರೆ ಕಾಯಿಲೆ ಉಂಟು ಅಂತ ಒದರಿದ್ಲು. ಏನಾಯ್ತು? ಆಪರೇಷನ್ ಮಾಡದೆ ಬಂದ ದಾರೀಲೇ ವಾಪಸ್ ಕಳಿಸಿದ್ರು."

ಕಳಸದ ಶಾಲೆಯಲ್ಲಿ ಆವತ್ತು ಕಣ್ಣಿನ ಕ್ಯಾಂಪ್. ರಕ್ಷಾ ದಿನಾ ಕೂರುವ ಬೆಂಚಿನ ಮೇಲೆ ಸಾಲಾಗಿ ಅಜ್ಜಂದಿರು, ಅಜ್ಜಿಯರು. ಪೊರೆ ಬಂದವರ ಹುಬ್ಬಿನ ಮೇಲೆ ನರ್ಸಮ್ಮ ಬಿಳಿ ಪ್ಲಾಸ್ಟರಿನ ತುಂಡು ಅಂಟಿಸುತ್ತಿದ್ದರು. ಯಾವ ಕಣ್ಣಿನ ಮೇಲೆ ಪ್ಲಾಸ್ಟರೋ ಆ ಕಣ್ಣಿಗೆ ಆಪರೇಷನ್. ಪ್ಲಾಸ್ಟರ್ ಬಿದ್ದವರೆಲ್ಲ ಹೊರಗೆ ನಿಂತ ಬಸ್ಸು ಹತ್ತಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋಗಬೇಕು.

ಅಜ್ಜಿಯ ಬಲಹುಬ್ಬಿನ ಮೇಲೂ ಪ್ಲಾಸ್ಟರ್ ಬಿದ್ದಿತ್ತು. ಅದನ್ನು ಅವಳು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅಜ್ಜಿ ಎಸ್ಟೇಟಿನಲ್ಲಿ ಕಾಫಿ ಬೀಜ ಆರಿಸುವವಳು. ಮೊರದಲ್ಲಿ ಬೀಜ ಹರಡಿದರೆ ಸಾಕು, ಕರಿ ಬೀಜ, ಒಡಕು ಬೀಜ ತಾವಾಗಿಯೇ ಅವಳ ಬೆರಳಿಗೆ ಬರುತ್ತಿದ್ದವು. ಈಗ ಎಲ್ಲ ಮಂಜು. ಮೊನ್ನೆ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಓಂಕಾರಮೂರ್ತಿ ಎಲ್ಲರೆದುರೇ, "ಕೃಷ್ಣಮ್ಮ, ನಾಳೆಯಿಂದ ನೀವು ಕಣ ಗುಡಿಸಿ ಸಾಕು" ಅಂದುಬಿಟ್ಟಿದ್ದರು. ಅವತ್ತು ಅಜ್ಜಿ ಊಟ ಮುಟ್ಟಿರಲಿಲ್ಲ.

ಆಗಲೇ ಡಾಕ್ಟರು ಕೇಳಿಯೂ ಇದ್ದರು. "ಹಿಂದೆ ಈ ಕಣ್ಣಿಗೆ ಏನಾದ್ರೂ ಆಗಿತ್ತಾ ಅಜ್ಜಿ?"

"ಏನಿಲ್ಲ ಸ್ವಾಮಿ. ದೇವರು ಕೊಟ್ಟ ಹಂಗೇ ಉಂಟು."

ಅದು ಸುಳ್ಳೆಂದು ರಕ್ಷಾಳಿಗೆ ಗೊತ್ತಿತ್ತು.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಅಜ್ಜಿಗೆ ಜ್ವರ ಬಂದು ತುಟಿಯ ಮೇಲೆ ಗುಳ್ಳೆ ಎದ್ದಿತ್ತು. ಅದರ ಹಿಂದೆಯೇ ಇದೇ ಬಲಗಣ್ಣು ಕೆಂಡದ ಹಾಗೆ ಕೆಂಪಾಯಿತು. ಆಗ ನೋಡಿದ ಡಾಕ್ಟರಮ್ಮ ಕಣ್ಣಿಗೆ ಬಣ್ಣದ ಮದ್ದು ಹಾಕಿ ನೀಲಿ ದೀಪ ಹಿಡಿದಾಗ ಕರಿಗುಡ್ಡೆಯ ಮೇಲೆ ಹಸಿರು ಗೆರೆಯೊಂದು ಕಂಡಿತ್ತು, ಪುಟ್ಟ ಕವಲುಕೊಂಬೆಯ ಹಾಗೆ. "ಇದು ಹರ್ಪಿಸ್, ತುಟೀಲಿ ಗುಳ್ಳೆ ಏಳಿಸೋ ವೈರಸ್ಸೇ. ವಾಸಿಯಾದ್ರೂ ಒಳಗೇ ಮಲಗಿರುತ್ತೆ. ಮುಂದೆ ಯಾರು ಕಣ್ಣು ನೋಡಿದ್ರೂ ಮೊದಲು ಇದನ್ನ ಹೇಳ್ಬೇಕು" ಎಂದಿದ್ದರು. ದಿನಕ್ಕೆ ಐದು ಸಲ ಆ ಕಣ್ಣಿಗೆ ಮುಲಾಮು ಹಾಕಿದವಳು ರಕ್ಷಾನೇ.

ಈಗ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ತುಟಿಯ ಮೇಲೆ ಮತ್ತೆ ಗುಳ್ಳೆ ಎದ್ದಿರುವುದು ರಕ್ಷಾಳಿಗೆ ಗೊತ್ತು.

"ಹತ್ತಿ ಹತ್ತಿ, ಹೊತ್ತಾಯ್ತು ಮಾರಾಯ್ರೆ!" ಬಸ್ಸಿನ ಡ್ರೈವರ್ ಖಲೀಲ್ ಹಾರ್ನ್ ಒತ್ತಿದ. ಅಜ್ಜಿ ಮೆಟ್ಟಿಲ ಮೇಲೆ ಕಾಲಿಟ್ಟಳು. ಒಂದು ಕಾಲು. ಇನ್ನೊಂದು.

ರಕ್ಷಾ ತಿರುಗಿ ಡಾಕ್ಟರ ಬಳಿಗೆ ಓಡಿದಳು.

"ಸಾರ್, ನಮ್ಮಜ್ಜಿ... ಆ ಕಣ್ಣಿಗೆ ಹರ್ಪಿಸ್ ಆಗಿತ್ತು ಸಾರ್. ತುಟೀಲಿ ಈಗ್ಲೂ ಗುಳ್ಳೆ ಉಂಟು. ಅವ್ರನ್ನ ಬೈಬೇಡಿ ಸಾರ್."

ಡಾಕ್ಟರು ಪೆನ್ನು ಕೆಳಗಿಟ್ಟು ಎದ್ದೇಬಿಟ್ಟರು. ಅಜ್ಜಿಯನ್ನು ಬಸ್ಸಿನಿಂದ ಇಳಿಸಿದರು. ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು.

"ಹಳೇ ಕಲೆ ಇದೆ. ಇವತ್ತು ಬೇಡ ಅಜ್ಜಿ. ಕತ್ತರಿ ತಾಗಿದ್ರೆ ಮಲಗಿದ್ದು ಎದ್ದು ಕೂರುತ್ತೆ. ಆಮೇಲೆ ಹಾಕೋ ಡ್ರಾಪ್ಸೂ ಅದಕ್ಕೇ ಬಲ ಕೊಡುತ್ತೆ. ಇರೋ ಬೆಳಕೂ ಹೋದ್ರೆ? ಗುಳ್ಳೆ ಒಣಗಲಿ. ತಿಂಗಳು ಬಿಟ್ಟು ಆಸ್ಪತ್ರೆಗೆ ಬನ್ನಿ. ಕಣ್ಣು ತಣ್ಣಗಿದ್ರೆ ಮೊದಲು ಅದು ಏಳದ ಹಾಗೆ ಮಾತ್ರೆ, ಆಮೇಲೆ ಆಪರೇಷನ್."

"ಮಾಡ್ತೀರಾ ಸ್ವಾಮಿ?"

"ಆವತ್ತು ನೋಡಿ ಹೇಳ್ತೀನಿ."

ಚೀಟಿ ಬರೆದು ಅಜ್ಜಿಯ ಕೈಗೆ ಕೊಟ್ಟರು. ಬಸ್ಸು ಹೊರಟುಹೋಯಿತು.

ಊರಿಗೆ ಹೋಗುವ ಜೀಪಿನಲ್ಲಿ ಅಜ್ಜಿ ಮುಖ ತಿರುಗಿಸಿ ಹೊರಗೇ ನೋಡುತ್ತ ಕೂತಳು. ಬೈದಿದ್ದರೂ ಚೆನ್ನಾಗಿತ್ತು. ತಾನೇ ಅಜ್ಜಿಯ ಕಣ್ಣು ಕಿತ್ತುಕೊಂಡೆನೇನೋ ಎಂದು ರಕ್ಷಾಳಿಗೆ ಅನಿಸಿತು.

"ಪ್ಲಾಸ್ಟರ್ ತೆಗೀಲಾ ಅಜ್ಜಿ?"

"ಇರ್ಲಿ."

ತಿರುವಿನಲ್ಲಿ ಗಾಳಿ ನುಗ್ಗಿ ಪ್ಲಾಸ್ಟರಿನ ಒಂದು ತುದಿ ಎದ್ದಿತು. ಅಜ್ಜಿ ಬೆರಳಿನಿಂದ ಒತ್ತಿಕೊಂಡಳು. ಮತ್ತೆ ಎದ್ದಿತು. ರಕ್ಷಾ ಹೆದರುತ್ತಲೇ ಕೈ ಚಾಚಿ ಆ ತುದಿಯನ್ನು ಮೆಲ್ಲಗೆ ಒತ್ತಿ ಹಿಡಿದಳು.

ಅಜ್ಜಿ ಕೈ ತಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ, ಮಡಿಲಲ್ಲಿದ್ದ ಚೀಟಿಯನ್ನು ರಕ್ಷಾಳ ಕಡೆ ನೂಕಿದಳು.

"ಓದೇ. ಯಾವ ತಾರೀಕು ಬರೆದಿದ್ದಾರೆ?"

ರಕ್ಷಾ ಒಂದು ಕೈಯಲ್ಲಿ ಪ್ಲಾಸ್ಟರ್ ಒತ್ತಿ ಹಿಡಿದುಕೊಂಡೇ ಓದತೊಡಗಿದಳು.